ಹೊಳಿಯವ್ವನ ರಕ್ತದಲ್ಲಿ ಏರಿದ್ದೇನು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ಇಡೀ ಊರೇ ಸೀನುತ್ತದೆ. ಹೊರಗಿನಿಂದ ಬಂದವರು ಮೂಗಿಗೆ ಬಟ್ಟೆ ಹಿಡಿದು ಓಡಾಡುತ್ತಾರೆ. ನಾವು ಅವರನ್ನು ನೋಡಿ ನಗುತ್ತೇವೆ, ನಗುತ್ತಲೇ ನಾವೂ ಸೀನುತ್ತೇವೆ. ನಮ್ಮ ಓಣಿಯ ಹೆಂಗಸರಲ್ಲಿ ಮುಕ್ಕಾಲು ಜನರಿಗೆ ಕಾಯಿಯ ತೊಟ್ಟು ಬಿಡಿಸುವುದೇ ಕೆಲಸ. ಬೆಳಗ್ಗೆ ರಾಶಿಯ ಮುಂದೆ ಕುಳಿತರೆ ಸಂಜೆಗೆ ಎರಡೂ ಅಂಗೈ ಬೆಂಕಿ. ಮಜ್ಜಿಗೆಯಲ್ಲಿ ಕೈ ಅದ್ದಿ, ಕೊಬ್ಬರಿ ಎಣ್ಣೆ ಸವರಿ ಮಲಗುತ್ತೇವೆ. ಕೈ ಉರಿಯುತ್ತದೆಂದು ದವಾಖಾನೆಗೆ ಹೋದವರನ್ನು ನಾನಂತೂ ಕಂಡಿಲ್ಲ. ಹೋದರೆ ಪೇಟೆಯೆಲ್ಲ ಆಡಿಕೊಂಡು ನಗುತ್ತದೆ.

ಹೊಳಿಯವ್ವನ ಗೊಂದಲ ಹುಟ್ಟಿದ್ದೇ ಇಲ್ಲಿಂದ.

ಹೊಳಿಯವ್ವ ನಮ್ಮ ಮಹಿಳಾ ಸಂಘದ ಸದಸ್ಯೆ. ತವರು ತುಂಗಭದ್ರೆಯ ದಂಡೆಯ ಐರಣಿ. ಗಂಡ ಫಕ್ಕೀರೇಶ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ. ಮನೆಯಲ್ಲಿ ಅತ್ತೆ ಪ್ರೇಮವ್ವ ಇದ್ದಾಳೆ, ಅವಳ ಮಾತೇ ಕೊನೆಯ ಮಾತು. ನಾನು ಹೇಳುತ್ತಿರುವುದು ೧೦೮ ಅಂಬುಲೆನ್ಸ್ ನಮ್ಮ ಕಡೆ ಹೊಸದಾಗಿ ಬಂದಿದ್ದ ಕಾಲದ ಮಾತು. ದವಾಖಾನೆಯೊಳಗೆ ನಡೆದದ್ದನ್ನು ಫಕ್ಕೀರೇಶನೇ ಸಂಘದ ಸಭೆಗೆ ಬಂದು, ಎಲ್ಲರ ಮುಂದೆ ನಿಂತು ಹೇಳಿದ.

ಅವತ್ತು ಹೊಳಿಯವ್ವ ತುಂಬಿದ ಚೀಲದ ಬಾಯಿ ಹೊಲಿಯುತ್ತಿದ್ದಳು. ದಬ್ಬಣ ಜಾರಿ ಬಲಗೈ ತೋರುಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟು ಚೀಪಿ, ಸೆರಗಿನಿಂದ ಒರೆಸಿಕೊಂಡು ಮತ್ತೆ ಕೆಲಸಕ್ಕೆ ಕುಳಿತಳು. ಒಂದೆರಡು ದಿನಕ್ಕೆ ಬೆರಳು ಬಾತು ಕೆಂಪಾಯಿತು.

"ಅತ್ತಿ, ಈ ಬೆರಳ ಭಾಳ ಉರಿಯಾಕತ್ತೈತಿ" ಎಂದಳು.

"ಖಾರ ಮುಟ್ಟಿದ ಕೈ ಉರೀಲಾರದ ತಣ್ಣಗ ಇರತೈತೇನ? ಎಣ್ಣಿ ಹಚ್ಚಿಕೊ" ಎಂದಳು ಪ್ರೇಮವ್ವ.

"ಎಡಗೈ ಉರಿಯಂಗಿಲ್ರಿ. ಇದೊಂದ ಬೆರಳು."

"ಬಲಗೈಲೆ ಹೆಚ್ಚ ಬಿಡಸ್ತಿ, ಅದಕ್ಕ."

ಉತ್ತರವೇನೋ ಸರಿ ಎನ್ನಿಸುವಂತಿತ್ತು, ನಿಜವಾಗಿರಲಿಲ್ಲ ಅಷ್ಟೇ. ಖಾರದ ಉರಿ ಒಂದೇ ಬೆರಳನ್ನು ಆರಿಸಿಕೊಂಡು ಬರುವುದಿಲ್ಲ. ಖಾರಕ್ಕೆ ಬೆರಳು ಬಾಯುವುದಿಲ್ಲ, ಒಳಗೆ ಟಣ್ ಟಣ್ ಎಂದು ಮಿಡಿಯುವುದಿಲ್ಲ.

ಆಮೇಲೆ ಚಳಿ ಬಂತು, ಹಲ್ಲು ಕಟಕಟ ಅನ್ನುವಂಥ ಚಳಿ. ಹಿಂದೆಯೇ ಸುಡುವ ಜ್ವರ. ಪೇಟೆಯ ಘಾಟು ಏರಿದೆ ಎಂದು ಶುಂಠಿ ಕಷಾಯ ಕುಡಿಸಿದರು. ಮರುದಿನ ಬೆಳಗ್ಗೆ ಪ್ರೇಮವ್ವ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು.

"ಜ್ವರ ಇಳೀತಪಾ. ನೀ ಪ್ಯಾಟಿಗೆ ಹೋಗು" ಎಂದು ಮಗನಿಗೆ ಹೇಳಿದಳು.

ಫಕ್ಕೀರೇಶನಿಗೆ ಯಾವುದೂ ತಾಳೆಯಾಗಲಿಲ್ಲ. ಜ್ವರ ಇಳಿದಿದೆ, ಆದರೆ ಹೆಂಡತಿ ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಾಳೆ. ಅಂಗಾಲು ಹಿಮದಂತಿದೆ. ಅವನ ಮುಖವನ್ನೇ ನೋಡಿ, "ಮಾಲತೇಶಾ, ಹೊಳಿಗೆ ನೀರ ಬಂದಾವು. ಎತ್ತ ಬಿಚ್ಚಬ್ಯಾಡ" ಅನ್ನುತ್ತಿದ್ದಾಳೆ. ಮಾಲತೇಶ ಐರಣಿಯಲ್ಲಿರುವ ಅವಳ ತಮ್ಮ.

"ಅವ್ವಾ, ಇಕಿ ನನ್ನ ಗುರುತ ಹಿಡಿಯವಲ್ಲಳು."

"ನಿದ್ದಿಗಣ್ಣಾಗ ಅಂದಾಳ ಬಿಡು."

ಫಕ್ಕೀರೇಶ ಪೇಟೆಗೆ ಹೋಗಲಿಲ್ಲ. ನಾಲ್ಕು ಮನೆ ಆಚೆಗಿದ್ದ ಸುಧಾರಾಣಿಯನ್ನು ಕರೆತಂದ. ಸುಧಾರಾಣಿ ಆರೋಗ್ಯ ಇಲಾಖೆಯ ಸಹಾಯಕಿ. ನಮಗೆಲ್ಲ ಅಕ್ಕಾರು. ಅವರು ಬೆರಳು ನೋಡಿದರು. ತುದಿ ಕಪ್ಪಾಗಿತ್ತು, ಕೆಂಪು ಮಣಿಕಟ್ಟಿನವರೆಗೆ ಏರಿತ್ತು.

"ಮೂತ್ರಕ್ಕ ಯಾವಾಗ ಹೋಗಿದ್ಲು?" ಎಂದು ಕೇಳಿದರು.

ಯಾರಿಗೂ ನೆನಪಿರಲಿಲ್ಲ.

"ಜ್ವರ ಇಳದೈತಲ್ರೀ ಅಕ್ಕಾರ" ಎಂದಳು ಪ್ರೇಮವ್ವ.

"ಇದು ಇಳದದ್ದಲ್ರೀ ಎವ್ವಾ, ಮೈ ಸೋತ ತಣ್ಣಗಾಗಾಕತ್ತೈತಿ. ನಂಜು ರಕ್ತಕ್ಕ ಹೋದಂಗ ಕಾಣತೈತಿ" ಎನ್ನುತ್ತ ಸುಧಾರಾಣಿ ಫೋನಿನಲ್ಲಿ ೧೦೮ ಒತ್ತಿದರು.

ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿ, ನಂಜು ಇಳಿಸುವ ಇಂಜೆಕ್ಷನ್ ಕೊಟ್ಟು, ಅದೇ ಗಾಡಿಯಲ್ಲಿ ಹಾವೇರಿಯ ದೊಡ್ಡ ದವಾಖಾನೆಗೆ ಕಳಿಸಿದರು. ಗಂಡ, ಅತ್ತೆ ಜೊತೆಗೆ ಹೋದರು. ಸುಧಾರಾಣಿಗೆ ಅವತ್ತು ಮಕ್ಕಳಿಗೆ ಲಸಿಕೆ ಹಾಕುವ ಕೆಲಸವಿತ್ತು. ಅದನ್ನು ಮುಗಿಸಿ ಬಸ್ಸಿಗೆ ಬರುತ್ತೇನೆ ಎಂದರು.

ಹಾವೇರಿಯ ಡಾಕ್ಟರು ಸಿದ್ದಲಿಂಗೇಶ, ರಾಣೇಬೆನ್ನೂರಿನವರು. ಒಳ್ಳೆಯ ಮನುಷ್ಯ, ಆದರೆ ಮಾತಿಗಿಂತ ಕಾಲು ಜೋರು. ಹೊಳಿಯವ್ವನ ರಕ್ತ ತೆಗೆಸಿ, ಸ್ವಲ್ಪ ಹೊತ್ತಿಗೆ ಹೊರಬಂದು, "ಇದಕ್ಕ ಸೆಪ್ಸಿಸ್ ಅಂತಾರ. ಲ್ಯಾಕ್ಟೇಟ್ ನಾಕೈತಿ. ಮತ್ತ ಮತ್ತ ನೋಡ್ತೇವಿ" ಎಂದರು. ಫಕ್ಕೀರೇಶ ತಲೆಯಾಡಿಸಿದ. ಏನೂ ತಿಳಿಯದಿದ್ದರೂ ತಲೆಯಾಡಿಸಿದ. ದವಾಖಾನೆಯಲ್ಲಿ ನಮ್ಮ ತಲೆ ತಾನಾಗಿಯೇ ಆಡುತ್ತದೆ. ಪೇಟೆಯಲ್ಲಿ ತೂಕ ಒಂದು ಚೂರು ಆಚೀಚೆಯಾದರೆ ಜಗಳಕ್ಕೆ ನಿಲ್ಲುವ ನಾವು, ಇಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುತ್ತೇವೆ.

ಮಧ್ಯಾಹ್ನ ಮತ್ತೆ ರಕ್ತ ತೆಗೆದರು.

"ಇದ್ದಷ್ಟೂ ರಕ್ತ ಹೀರಾಕತ್ತಾರಲ್ಲೋ ಫಕ್ಕೀರಾ! ಮೊದಲ ಆಕಿಗೆ ರಕ್ತ ಕಡಿಮಿ" ಎಂದು ಪ್ರೇಮವ್ವ ಗೊಣಗಿದಳು.

ನರ್ಸ್ ಅರುಣಾ ಬಂದು, "ಲ್ಯಾಕ್ಟೇಟ್ ಏರೈತ್ರಿ, ಆರಾಗೈತಿ. ಸಾಹೇಬ್ರಿಗೆ ಹೇಳಾಕ ಹೊಂಟೇನಿ" ಎಂದಳು.

ಪ್ರೇಮವ್ವ ಎರಡೂ ಕೈ ಎತ್ತಿ ಮುಗಿದಳು. "ಏರೈತಂತ! ನಮ್ಮಪ್ಪಾ, ದೇವರು ಕಣ್ಣ ತೆರೆದ."

ನಗಬೇಡಿ. ಅವಳ ಜಾಗದಲ್ಲಿ ನೀವಿದ್ದರೂ ಕೈ ಮುಗಿಯುತ್ತಿದ್ದಿರಿ. ಹಿಂದಿನ ವರ್ಷ ಹೊಳಿಯವ್ವನಿಗೆ ರಕ್ತಹೀನತೆಯಾಗಿತ್ತು. ಆಗ ಸುಧಾರಾಣಿಯೇ ಕಬ್ಬಿಣದ ಗುಳಿಗೆ ಕೊಟ್ಟು, ಸಲಸಲಕ್ಕೂ ರಕ್ತ ಪರೀಕ್ಷೆ ಮಾಡಿಸಿ, "ಏಳಿದ್ದದ್ದು ಒಂಬತ್ತಾತು, ಏರೈತಿ ನೋಡ್ರಿ, ಶಾಬಾಸ್!" ಎಂದು ಬೆನ್ನು ತಟ್ಟಿದ್ದರು. ಅದು ಹಿಮೋಗ್ಲೋಬಿನ್. ಆ ಮನೆಯವರಿಗೆ ಹೆಸರು ನೆನಪಿರಲಿಲ್ಲ. ರಕ್ತದ ಅಂಕಿ ಏರಿದರೆ ಒಳ್ಳೆಯದು ಎಂಬುದಷ್ಟೇ ನೆನಪಿತ್ತು.

ಅಷ್ಟರಲ್ಲಿ ಐರಣಿಯಿಂದ ಮಾಲತೇಶ ಬಂದ. ಜ್ವರ ಇಳಿದಿದೆ, ಅಂಕಿ ಏರಿದೆ ಎಂದು ಕೇಳಿ ಅವನೂ ಉಸಿರು ಬಿಟ್ಟ. ಮೂವರೂ ಚಹಾ ತರಿಸಿ ಕುಡಿದರು. ಚಹಾ ಮುಗಿಯುವ ಮೊದಲೇ ಡಾಕ್ಟರು ಬಂದರು.

"ಆ ಬೆರಳು ಸತ್ತೈತಿ. ಅದನ್ನ ಈಗ ತೆಗೀಬೇಕು, ಕೈಯಾಗಿನ ಕೀವೂ ತೆಗೀಬೇಕು. ಲ್ಯಾಕ್ಟೇಟ್ ಏರಾಕತ್ತೈತಿ. ಲಗೂ ಸಹಿ ಮಾಡ್ರಿ."

ಫಕ್ಕೀರೇಶ ಎದ್ದು ನಿಂತ. "ಏರಾಕತ್ತೈತಿ ಅಂತ ನೀವ ಅಂತೀರಿ, ಬೆರಳ ತೆಗೀತೇನಿ ಅಂತನೂ ನೀವ ಅಂತೀರಿ. ಇದ್ಯಾವ ನ್ಯಾಯರೀ ಸಾಹೇಬ್ರ?"

ಡಾಕ್ಟರಿಗೆ ಈ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. "ಏರಿದ್ದಕ್ಕ ತೆಗೀಬೇಕು ಅನ್ನಾಕತ್ತೇನಿ!"

"ತೊಟ್ಟ ಬಿಡಿಸೂ ಬೆರಳ್ರೀ ಅದು. ನಾ ಸಹಿ ಮಾಡಂಗಿಲ್ಲ."

ಆ ಹೊತ್ತಿಗೆ ಹೈವೇಯಲ್ಲಿ ಲಾರಿ ಉರುಳಿ ಗಾಯಾಳುಗಳು ಬಂದರು. "ಹೊತ್ತ ಕಳೀಬ್ಯಾಡ್ರಿ, ವಿಚಾರ ಮಾಡ್ರಿ" ಎಂದು ಡಾಕ್ಟರು ಆ ಕಡೆ ಓಡಿದರು. ಹೆಂಡತಿಯ ಪ್ರಾಣದ ಬಗ್ಗೆ ಈ ಗಂಡನಿಗೆ ಚಿಂತೆಯೇ ಇಲ್ಲವಲ್ಲ ಎಂದು ಅವರಿಗೆ ಬೇಸರ. ಸುಧಾರಿಸುತ್ತಿರುವವಳ ಬೆರಳು ಕತ್ತರಿಸುತ್ತಾರಲ್ಲ ಎಂದು ಇವನಿಗೆ ಸಿಟ್ಟು. ಇಬ್ಬರೂ ಒಂದೇ ಅಂಕಿಯ ಬಗ್ಗೆ ಮಾತಾಡುತ್ತಿದ್ದರು. ನಡುವೆ ಹೊಳಿಯವ್ವ ಗಾಜಿನ ಬಾಗಿಲ ಹಿಂದೆ ಏದುಸಿರು ಬಿಡುತ್ತಿದ್ದಳು.

"ಮನಿಗೆ ಕರಕೊಂಡ ಹೋಗೂಣು ಮಾಮಾ. ಟೆಂಪೋ ತರತೇನಿ" ಎಂದ ಮಾಲತೇಶ.

ಅವನು ಮೆಟ್ಟಿಲು ಇಳಿಯುವಾಗಲೇ ಸುಧಾರಾಣಿ ಎದುರಾದರು. ಪ್ರೇಮವ್ವ ಮೇಲಿನಿಂದಲೇ ಕೂಗಿ ಸುದ್ದಿ ಹೇಳಿದಳು. "ಅಕ್ಕಾರ, ನೀವ ಅಂದಂಗ ಅಂಕಿ ಏರೈತ್ರಿ! ನಾಕಿದ್ದದ್ದು ಆರಾಗೈತಿ. ಆದ್ರ ಇವ್ರು ಬೆರಳ ಕಡೀತಾರಂತ."

ಸುಧಾರಾಣಿ ಮೆಟ್ಟಿಲ ಮೇಲೆಯೇ ನಿಂತರು. "ಯಾವ ಅಂಕಿ?"

"ಅದ ರಕ್ತದ್ದು. ಲ್ಯಾಕ್ಟೇಟ್ ಅಂದ್ರು" ಎಂದ ಫಕ್ಕೀರೇಶ.

"ಅಯ್ಯ, ಇದು ಆ ಅಂಕಿ ಅಲ್ಲೋ ತಮ್ಮಾ! ಅದು ಹಿಮೋಗ್ಲೋಬಿನ್, ಏರಬೇಕು. ಇದು ಏರಬಾರದು."

"ರಕ್ತದಾಗಿಂದು ಏರಿದ್ರ ಚಲೋ ಅಂತ ನೀವ ಹೇಳಿದ್ರಿ" ಎಂದಳು ಪ್ರೇಮವ್ವ. ಅವಳ ದನಿಯಲ್ಲಿ ಮೋಸ ಹೋದವರ ಸಿಟ್ಟಿತ್ತು.

"ಹೇಳಿದ್ದ ಖರೆ, ಅದು ಬ್ಯಾರೇದಕ್ಕ. ಇದರ ಪೂರಾ ವಿಷಯ ನನಗೂ ಗೊತ್ತಿಲ್ಲ. ನಡೀರಿ, ಸಾಹೇಬ್ರನ್ನ ಕೇಳೂಣು. ತಿಳಿಯೂತನಕ ಕೇಳೂಣು."

ಗಾಯಾಳುಗಳ ಕೋಣೆಯ ಬಾಗಿಲಲ್ಲೇ ಡಾಕ್ಟರನ್ನು ಹಿಡಿದರು. ಸುಧಾರಾಣಿ ಎರಡು ಮಾತಿನಲ್ಲಿ ವಿಷಯ ಹೇಳಿದಾಗ ಡಾಕ್ಟರು ಹಣೆ ಒತ್ತಿಕೊಂಡರು. ಏರಿದರೆ ಏನಾಗುತ್ತದೆಂದು ತಾವು ಹೇಳಿರಲೇ ಇಲ್ಲ ಎಂಬುದು ಅವರಿಗೆ ಆಗಲೇ ಹೊಳೆದದ್ದು. ಈ ಸಲ ಓಡಲಿಲ್ಲ, ನಿಂತು ಹೇಳಿದರು.

"ನೋಡ್ರಿ, ನಂಜು ಏರಿದಾಗ ರಕ್ತ ಮೈಯಾಗ ಸರಿಯಾಗಿ ಓಡಾಡಂಗಿಲ್ಲ. ಮೂತ್ರಪಿಂಡ, ಮೆದುಳು, ಎಲ್ಲಾ ಕಡೆ ಉಸಿರಿನ ಕೊರತಿ ಆಗತೈತಿ. ಆವಾಗ ಈ ಲ್ಯಾಕ್ಟೇಟ್ ಅನ್ನೂದು ರಕ್ತದಾಗ ಕೂಡಿಕೋತ ಹೋಗತೈತಿ. ಸಾಮಾನ್ಯವಾಗಿ ಎರಡರೊಳಗ ಇರಬೇಕು. ಇಕಿದು ಆರಾಗೈತಿ. ಅಂದ್ರ ನಾವು ಔಷಧಾ ಕೊಟ್ಟರೂ ಒಳಗ ಸೋಲಾಕತ್ತಾಳ."

"ಮತ್ತ ಜ್ವರ ಇಳದೈತಲ್ರಿ?" ಎಂದ ಫಕ್ಕೀರೇಶ.

"ಅದ ಮೋಸ. ಹೊರಗ ತಣ್ಣಗ ಕಾಣತೈತಿ, ಒಳಗ ಕೆಡಾಕತ್ತೈತಿ. ಅದಕ್ಕ ನಾವು ಒಳಗ ಹೆಂಗೈತಿ ಅಂತ ರಕ್ತಾನ ಕೇಳ್ತೇವಿ, ಹಣಿ ಮುಟ್ಟಿ ಬಿಡಂಗಿಲ್ಲ."

ಫಕ್ಕೀರೇಶ ಅದನ್ನು ತನ್ನ ಪೇಟೆಯ ಲೆಕ್ಕಕ್ಕೆ ಹೋಲಿಸಿದ. "ಮೆಣಸಿನಕಾಯಿಗೆ ಬಣ್ಣ ಏರಬೇಕು, ತೇವ ಇಳೀಬೇಕು. ಒಂದ ಚೀಲದಾಗ ಎರಡೂ ನೋಡ್ತಾರ. ಹಂಗೇನ್ರಿ?"

"ಹಂಗ! ಇದು ತೇವ ಇದ್ದಂಗ" ಎಂದರು ಡಾಕ್ಟರು.

ಮಾಲತೇಶನ ಪ್ರಶ್ನೆ ಇನ್ನೂ ಉಳಿದಿತ್ತು. "ಹಂಗಾದ್ರ ಅಂಕಿ ನೋಡಿ ನಮ್ಮಕ್ಕ ಉಳೀತಾಳೋ ಇಲ್ಲೋ ಹೇಳ್ರಿ."

"ಗಟ್ಟಿ ಹೇಳಾಕ ಬರಂಗಿಲ್ಲಪಾ. ಇದು ಏರಕೋತ ಹೋದವ್ರೊಳಗ ಭಾಳ ಮಂದಿನ್ನ ಕಳಕೊಂಡೇವಿ. ಇಳಕೋತ ಬಂದವ್ರೊಳಗ ಉಳಿಯೂ ಮಂದಿ ಹೆಚ್ಚು. ಇದು ಹಣೇಬರಹ ಅಲ್ಲ, ಎಚ್ಚರಿಕಿ. ಎಚ್ಚರಿಕಿ ಬಂದ ಮ್ಯಾಲೆ ಸುಮ್ಮನ ಕುಂತರ ಅದ ಹಣೇಬರಹ ಆಗತೈತಿ. ನಂಜಿನ ಬೇರು ಆ ಬೆರಳಾಗೈತಿ."

ಫಕ್ಕೀರೇಶ ಸಹಿ ಮಾಡಿದ. ಮಾಡುವಾಗ ಅತ್ತುಬಿಟ್ಟ. ಸಭೆಯಲ್ಲಿ ಅವನು ಇದನ್ನು ಹೇಳುವಾಗ ನಮ್ಮಲ್ಲಿ ಯಾರ ಕಣ್ಣೂ ಒಣಗಿರಲಿಲ್ಲ.

ಬೆರಳು ತೆಗೆದರು, ಕೀವು ತೆಗೆದರು. ರಕ್ತದೊತ್ತಡ ಹಿಡಿದು ನಿಲ್ಲಿಸುವ ಔಷಧ ಹನಿಹನಿಯಾಗಿ ಹೋಗುತ್ತಿತ್ತು. ಮತ್ತೆ ರಕ್ತ ತೆಗೆಯಲು ಬಂದಾಗ ಪ್ರೇಮವ್ವ ಗೊಣಗಲಿಲ್ಲ. ಸೊಸೆಯ ತೋಳನ್ನು ತಾನೇ ಹಿಡಿದುಕೊಂಡಳು.

ಅರುಣಾ ಬಂದು, "ಲ್ಯಾಕ್ಟೇಟ್ ನಾಕಕ್ಕ ಇಳದೈತ್ರಿ" ಎಂದಳು.

"ಇದು ಇಳೀಬೇಕಲ್ರಿ ಸಿಸ್ಟರ?" ಎಂದು ಫಕ್ಕೀರೇಶ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ.

"ಹೌದ್ರಿ. ಚಲೋ ಸುದ್ದಿ."

ಗೊಂದಲ ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಮರುದಿನ ಅದೇ ಅರುಣಾ, "ಪ್ಲೇಟ್‌ಲೆಟ್ ಇಳದಾವ್ರಿ" ಎಂದಳು. ಪ್ರೇಮವ್ವ ಕೈ ಮುಗಿದು, "ಪುಣ್ಯಾ ಬರ್ಲಿ ನಿನಗ, ಇಳದಾವಂತ!" ಎಂದಳು. ಅರುಣಾ ಕಣ್ಣರಳಿಸಿ ನಿಂತಳು.

"ತಡಿ ಅವ್ವಾ. ಸಿಸ್ಟರ, ಇವು ಏರಬೇಕೋ, ಇಳೀಬೇಕೋ?" ಎಂದ ಫಕ್ಕೀರೇಶ.

"ಇಳೀಬಾರದ್ರಿ. ಗಾಯದ ರಕ್ತ ನಿಲ್ಲಾಕ ಪ್ಲೇಟ್‌ಲೆಟ್ ಬೇಕು. ನಂಜಿಗೆ ಇವೂ ಕಡಿಮಿ ಆಗತಾವು."

ಪ್ರೇಮವ್ವ ಗೋಡೆಗೆ ಒರಗಿ ಕುಳಿತಳು. "ಇದ್ದದ್ದೊಂದ ರಕ್ತ. ಅದರಾಗ ಒಂದು ಏರಬೇಕಂತ, ಒಂದು ಇಳೀಬೇಕಂತ. ನನ್ನ ತಲಿ ಗಿರ್ರ್ ಅನ್ನಾಕತ್ತೈತಿ."

ಅತ್ತ ಹಾಯುತ್ತಿದ್ದ ಡಾಕ್ಟರು ನಿಂತರು. "ನಮಗೂ ಒಮ್ಮೊಮ್ಮೆ ಅನ್ನತೈತ್ರಿ ಎವ್ವಾ. ಅದಕ್ಕ ಒಂದ ಅಂಕಿ ಮ್ಯಾಲೆ ತೀರ್ಪ ಕೊಡಂಗಿಲ್ಲ. ಲ್ಯಾಕ್ಟೇಟ್ ಎತ್ತಾಗ ಹೊಂಟೈತಿ, ಪ್ಲೇಟ್‌ಲೆಟ್ ಎತ್ತಾಗ ಹೊಂಟಾವು, ಮೂತ್ರ ಬಂತೋ ಇಲ್ಲೋ, ನಿಮ್ಮ ಗುರುತ ಹಿಡಿದ್ಲೋ ಇಲ್ಲೋ, ಎಲ್ಲಾ ಕೂಡಿಸಿ ನೋಡ್ತೇವಿ. ನೀವು ಕೇಳಕೋತ ಇರ್ರಿ, ನಾವು ಹೇಳಕೋತ ಇರತೇವಿ."

ಮೊದಲು ಮೂತ್ರ ಬಂತು. ಲ್ಯಾಕ್ಟೇಟ್ ಎರಡರೊಳಗೆ ಇಳಿಯಿತು. ಕೆಲವು ದಿನ ಕಾಡಿಸಿ ಪ್ಲೇಟ್‌ಲೆಟ್ ಕೂಡ ಏರತೊಡಗಿದವು. ಒಂದು ಬೆಳಗ್ಗೆ ಹೊಳಿಯವ್ವ ಕಣ್ಣು ಬಿಟ್ಟು ಗಂಡನನ್ನು ನೋಡಿ, "ಏನ್ರೀ, ಗಡ್ಡಾ ಯಾಕ ಬಿಟ್ಟೀರಿ?" ಎಂದಳು. ಫಕ್ಕೀರೇಶನಿಗೆ ಯಾವ ಅಂಕಿಯೂ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಆಮೇಲೆ ಅವಳು ಕೈಗೆ ಸುತ್ತಿದ ಬಟ್ಟೆ ನೋಡಿದಳು. ಎಡಗೈಯಿಂದ ತಡವಿ ನೋಡಿದಳು.

"ಯಾರನ್ನ ಕೇಳಿ ಕೊಟ್ರಿ ನನ್ನ ಬೆರಳ?"

"ನಿನ್ನ ಕೇಳಬೇಕಂದ್ರ ನೀ ಐರಣಿಯಾಗ ಎತ್ತ ಕಟ್ಟಾಕತ್ತಿದ್ದಿ" ಎಂದ ಅವನು.

ಅವಳು ನಗಲಿಲ್ಲ. ಮುಖ ತಿರುಗಿಸಿ ಬಹಳ ಹೊತ್ತು ಅತ್ತಳು. ಅವಳ ದುಃಖ ಸುಳ್ಳಲ್ಲ. ದುಡಿಯುವ ಕೈಗೆ ಒಂದು ಬೆರಳು ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರೇಮವ್ವ ಅವಳ ತಲೆ ಸವರುತ್ತ, "ಎಣ್ಣಿ ಹಚ್ಚಿಕೊ ಅಂದಾಕಿ ನಾನ. ಬೈಯೂದಾದ್ರ ನನ್ನ ಬೈ" ಎಂದಳು. ಬಿಡುಗಡೆಯ ದಿನ ಹೊಳಿಯವ್ವ ಡಾಕ್ಟರನ್ನೇ ನೇರ ಕೇಳಿದಳು.

"ಬಾತ ದಿನಾನ ಬಂದಿದ್ರ ಬೆರಳ ಉಳೀತಿತ್ತೇನ್ರಿ?"

"ಉಳಿಯೂ ಸಾಧ್ಯತೆ ಭಾಳ ಇತ್ತವಾ. ಸಣ್ಣಂಗ ಕೀವು ತೆಗದು ಗುಳಿಗಿ ಕೊಟ್ಟ ಕಳಸ್ತಿದ್ವಿ" ಎಂದರು ಡಾಕ್ಟರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾನು ಹೇಳಬೇಕಾದದ್ದು ಇಷ್ಟೇ. ಗಾಯ ಚಿಕ್ಕದೆಂದು ನಂಜು ಚಿಕ್ಕದಾಗುವುದಿಲ್ಲ. ಗಾಯದ ಜಾಗ ಬಾತು ಮಿಡಿಯುತ್ತಿದ್ದರೆ ಎಣ್ಣೆ, ಅರಿಶಿನ ಎಂದು ಕೂರದೆ ಅದೇ ದಿನ ದವಾಖಾನೆಗೆ ತೋರಿಸಿ. ಗಾಯವೋ ಜ್ವರವೋ ಇದ್ದವರು ಏದುಸಿರು ಬಿಟ್ಟರೆ, ಮೈ ತಣ್ಣಗಾದರೆ, ಮೂತ್ರ ಕಡಿಮೆಯಾದರೆ, ಗುರುತು ಹಿಡಿಯದೆ ಏನೇನೋ ಮಾತಾಡಿದರೆ ಒಂದು ಗಳಿಗೆಯೂ ಕಾಯಬೇಡಿ, ೧೦೮ಕ್ಕೆ ಫೋನ್ ಮಾಡಿ. ಜ್ವರ ಇಳಿಯಿತು ಎಂದು ಮೋಸ ಹೋಗಬೇಡಿ. ದವಾಖಾನೆಯವರು ಮತ್ತೆ ಮತ್ತೆ ರಕ್ತ ತೆಗೆದರೆ ಬೈಯಬೇಡಿ. ರೋಗಿ ಗೆಲ್ಲುತ್ತಿದ್ದಾರೋ ಸೋಲುತ್ತಿದ್ದಾರೋ ಎಂದು ಅವರು ರಕ್ತವನ್ನೇ ಕೇಳುತ್ತಿರುತ್ತಾರೆ. ನೀವು ಅವರನ್ನು ಕೇಳಿ. ಯಾವ ಅಂಕಿ, ಅದು ಏರಬೇಕೋ ಇಳಿಯಬೇಕೋ, ಈಗ ಯಾವ ಕಡೆ ಹೊರಟಿದೆ ಎಂದು ಕೇಳಿ. ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ. ಸುಮ್ಮನೆ ತಲೆಯಾಡಿಸಿ ಬರಬೇಡಿ.

ಈಗ ಓದುವುದನ್ನು ಇಲ್ಲಿಗೆ ನಿಲ್ಲಿಸಿ. ನಿಮ್ಮ ಪಕ್ಕದಲ್ಲಿ ಕುಳಿತವರ ಎರಡೂ ಕೈ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿ. ಬೆರಳು ಬಾತಿದ್ದರೆ ಕಥೆಯ ಮಾತು ಆಮೇಲೆ ಆಡೋಣ, ಅವರನ್ನು ಕರೆದುಕೊಂಡು ಎದ್ದೇಳಿ.